ಒಂದು ಏಫಾ ಎಷ್ಟು ಸೇರು

ಹೊಸ ಗೋಣಿಚೀಲಕ್ಕೆ ಒಂದು ವಾಸನೆಯಿದೆ. ಅದು ಪೂರ್ತಿ ಸೀಮೆಎಣ್ಣೆಯದೂ ಅಲ್ಲ, ಒಣಹುಲ್ಲಿನದೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತ ವಾಸನೆ. ಈಗ ಕಾಳುಕಡಿಯೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬರುವುದರಿಂದ ಅದು ಮೂಗಿಗೆ ಬೀಳುವುದೇ ಅಪರೂಪ. ಹೋದ ತಿಂಗಳು ಗೋವೆಯ ಮಡಗಾಂವ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಡೆದುಹೋಗುತ್ತಿದ್ದಾಗ ಯಾರೋ ಒಬ್ಬ ವ್ಯಾಪಾರಿ ಹೊಸ ಗೋಣಿಚೀಲಗಳ ಕಟ್ಟು ಬಿಚ್ಚಿ ಬಿಸಿಲಿಗೆ ಹರವಿದ್ದ. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಏನ ಬೇಕ್ರಿ ಅಕ್ಕಾರ?" ಎಂದು ಅವನು ಎರಡು ಸಲ ಕೇಳಿದ. ಏನೂ ಬೇಡ ಎಂದು ಹೇಳಲು ನನಗೆ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ನಾನು ಹತ್ತು ವರ್ಷದವಳಾಗಿ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ನೀಲವ್ವತ್ತೆಯ ಪಕ್ಕದಲ್ಲಿ ಕುಳಿತಿದ್ದೆ.

ನಮ್ಮದು ಧಾರವಾಡದ ಕಡೆಯಿಂದ ಬಂದ ಮನೆತನ. ಮಡಗಾಂವ್‌ನಲ್ಲಿ ಅಪ್ಪನದು ಕಾಳಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಸಾಮಾನಿನ ಕೋಣೆ, ಅದರ ಹಿಂದೆ ನಾವಿರುವ ಎರಡು ಕೋಣೆ, ಕೊನೆಗೆ ಬಾವಿಯಿರುವ ಸಣ್ಣ ಹಿತ್ತಿಲು. ಗಡಿಯ ಮೊಲೆಂ ನಾಕಾ ದಾಟಿ ಲಾರಿ ಬಂತೆಂದರೆ ಅಂಗಡಿಯಲ್ಲಿ ಹಬ್ಬ. ಮೋತಿ ಡೊಂಗರ್ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದ ವಿಜಯಪುರ, ಬಾಗಲಕೋಟೆ ಕಡೆಯ ಜನ ಅನ್ನ ಉಂಡು ಉಂಡು ಬೇಸತ್ತು ಜೋಳಕ್ಕಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಅಪ್ಪ ಮುಂದೆ ತಕ್ಕಡಿ ಹಿಡಿದು ಕಿಲೋ ಲೆಕ್ಕದಲ್ಲಿ ತೂಗುತ್ತಿದ್ದ. ಹಿಂದೆ ಅತ್ತೆ ಬಂದ ಜೋಳವನ್ನೆಲ್ಲ ಕೇರಿ, ಹಸನುಮಾಡಿ, ಹಿತ್ತಾಳೆಯ ಹಳೆಯ ಸೇರಿನಲ್ಲಿ ಅಳೆದು ಚೀಲಕ್ಕೆ ತುಂಬುತ್ತಿದ್ದಳು. ಸರಕಾರಕ್ಕೆ ಕಿಲೋ, ಅತ್ತೆಗೆ ಸೇರು. ಅವಳು ಎಣಿಸುವಾಗ ಮೊದಲನೆಯದಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದಳು. ಲಾಭ, ಎರಡು, ಮೂರು ಎಂದು ಅದೇ ರಾಗದಲ್ಲಿ ನೂರರವರೆಗೂ ಹೋಗುತ್ತಿದ್ದಳು, ನಡುವೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಅಪ್ಪನ ಅಕ್ಕ ಅವಳು, ಅಪ್ಪನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಓದುಬರಹ ಬಾರದು. ಕಾಳನ್ನು ಅಂಗೈಯಲ್ಲಿ ಹಿಡಿದು ಅದು ಯಾವ ಹೊಲದ್ದು, ಎಷ್ಟು ದಿನ ಬಿಸಿಲು ಕಂಡಿದೆ ಎಂದು ಹೇಳಬಲ್ಲವಳಾಗಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು. ಇದ್ದಾಗ ನಾವು ಅವರನ್ನು ಕೇಳಬೇಕಾದ್ದನ್ನು ಕೇಳಿರುವುದಿಲ್ಲ.

ನಮ್ಮ ಓಣಿಯ ತುದಿಯಲ್ಲಿ, ಕೆಂಪು ಹೆಂಚಿನ, ಉದ್ದ ಜಗಲಿಯ ಒಂದು ಮನೆಯಿತ್ತು. ಅಲ್ಲಿ ಎಸ್ಪೆರಾನ್ಸಾ ಟೀಚರ್ ಒಬ್ಬರೇ ಇದ್ದರು. ಮೊಣಕಾಲಿನ ಕೆಳಗಿನವರೆಗೆ ಬರುವ ಹೂವಿನ ಫ್ರಾಕು, ಮೂಗಿನ ತುದಿಗೆ ಜಾರಿದ ಕನ್ನಡಕ, ಸದಾ ಕಿವಿಯ ಹಿಂದೆ ಒಂದು ಪೆನ್ಸಿಲು. ಅವರು ಹುಟ್ಟಿದ್ದು ಆಫ್ರಿಕಾದ ಒಂದು ಬಂದರಿನಲ್ಲಿ. ಅವರ ಅಪ್ಪ ಅಲ್ಲಿ ಬ್ರಿಟಿಷರ ಧಾನ್ಯದ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರಂತೆ. ಆಮೇಲೆ ಟೀಚರ್ ಬೆಳಗಾವಿಯ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಕಲಿಸಿ, ನಿವೃತ್ತಿಯಾದ ಮೇಲೆ ಗೋವೆಯ ಈ ಮನೆಗೆ ಮರಳಿದ್ದರು. ಹೀಗಾಗಿ ಅವರಿಗೆ ಕೊಂಕಣಿಯಷ್ಟೇ ಸಲೀಸಾಗಿ ನಮ್ಮ ಕನ್ನಡ ಬರುತ್ತಿತ್ತು, ಒಂದಿಷ್ಟು ಇಂಗ್ಲಿಷಿನ ಎಳೆತದೊಂದಿಗೆ. ನನಗೆ ಅವರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಗೊತ್ತಿಲ್ಲದ್ದನ್ನು ಕೇಳಿದರೆ ಅವರು ನೇರವಾಗಿ "ನನಗ ಗೊತ್ತಿಲ್ಲ" ಎನ್ನುತ್ತಿದ್ದರು. ನಮ್ಮ ಶಾಲೆಯಲ್ಲಿ ಯಾವ ಮಾಸ್ತರರ ಬಾಯಿಂದಲೂ ಆ ಮಾತನ್ನು ನಾನು ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಟೀಚರ್ ತಮ್ಮ ಜಗಲಿಯಲ್ಲಿ ಮೋತಿ ಡೊಂಗರಿನ ಹೆಂಗಸರಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದರು. ಹತ್ತು ಹನ್ನೆರಡು ಜನ ಬರುತ್ತಿದ್ದರು. ವಾರವಿಡೀ ಕಲ್ಲು ಹೊತ್ತು, ಸಿಮೆಂಟು ಕಲಸಿ ಬಿರಿದ ಕೈಗಳಲ್ಲಿ ಬಳಪ ಹಿಡಿಯುತ್ತಿದ್ದರು. ಅರ್ಧ ಗಂಟೆ ಬರೆಯುವುದು, ಆಮೇಲೆ ಒಂದು ಕಥೆ. ಟೀಚರ್ ಕೈಗೆ ಸಿಕ್ಕ ಕಥೆಯನ್ನೆಲ್ಲ ಹೇಳುತ್ತಿದ್ದರು, ರಾಜರದು, ನರಿಯದು, ಆಫ್ರಿಕಾದ ಸಿಂಹದ್ದು. ಒಂದು ಭಾನುವಾರ ತಮ್ಮ ಧರ್ಮಗ್ರಂಥದ ಒಂದು ಹಳೆಯ ಕಥೆ ಹೇಳಿದರು. ಗಂಡ ಸತ್ತ ಒಬ್ಬ ಸೊಸೆ, ವಯಸ್ಸಾದ ಅತ್ತೆಯ ಬೆನ್ನು ಬಿಡದೆ ಅವಳ ಊರಿಗೆ ಬರುತ್ತಾಳೆ. ಗುರುತಿಲ್ಲದ ನಾಡು. ಕೊಯ್ಲಿನ ಕಾಲ. ಹೊಟ್ಟೆಪಾಡಿಗಾಗಿ ಪರರ ಹೊಲದಲ್ಲಿ, ಕೊಯ್ಯುವವರ ಹಿಂದೆ ಹಿಂದೆ ನಡೆದು ಬಿದ್ದ ತೆನೆ ಆರಿಸುತ್ತಾಳೆ. ಸಂಜೆಗೆ ಅವಳಿಗೆ ಒಂದು ಏಫಾ ಜವೆಗೋಧಿ ಸಿಕ್ಕಿತು ಎಂದರು ಟೀಚರ್. ಆಗ ಶಾಂತವ್ವ ಎಂಬ ಹೆಂಗಸು, ಬಳಪ ಕೆಳಗಿಟ್ಟು, "ಏಫಾ ಅಂದ್ರ ಎಷ್ಟ್ರಿ ಅಕ್ಕೋರ? ಆಕಿ ದುಡದಿದ್ದು ಹೊಟ್ಟಿಗೆ ಸಾಕಾತೇನು?" ಎಂದು ಕೇಳಿದಳು. ಟೀಚರ್ ತಮ್ಮ ಗ್ರಂಥದ ಹಿಂದಿನ ಪುಟದಲ್ಲಿದ್ದ ಪಟ್ಟಿ ನೋಡಿ, "ಮೂರು ಪೆಕ್, ಮೂರು ಪೈಂಟ್" ಎಂದರು. "ಪೆಕ್ ಅಂದ್ರ?" ಎಂದಳು ಶಾಂತವ್ವ. ಟೀಚರ್ ಕನ್ನಡಕ ತೆಗೆದು, "ನೀವು ಕೇಳಿದ್ದು ಖರೇ ಅದ. ಮುಂದಿನ ವಾರ ಹೇಳತೀನಿ," ಎಂದರು.

ಮರುದಿನ ಸಂಜೆ ಅವರು ನಮ್ಮ ಅಂಗಡಿಗೆ ಬಂದರು. ಒಂದು ಕಂಕುಳಲ್ಲಿ ಇಟ್ಟಿಗೆಯಂಥ ದಪ್ಪ ಪುಸ್ತಕ, ಇನ್ನೊಂದು ಕೈಯಲ್ಲಿ ತಾಮ್ರದ ಒಂದು ಚೊಂಬು. ಚೊಂಬಿನ ಹೊಟ್ಟೆಯ ಮೇಲೆ ಕಿರೀಟದ ಮುದ್ರೆ. ಅದು ಅವರ ಅಪ್ಪನ ಉಗ್ರಾಣದಿಂದ ಬಂದದ್ದು, ಸರಿಯಾಗಿ ಒಂದು ಪೈಂಟ್ ಹಿಡಿಯುವಂಥದ್ದು. ನೇರ ಹಿಂದಿನ ಕೋಣೆಗೆ ಬಂದು ಚೀಲದ ಮೇಲೆ ಕುಳಿತು, "ನೀಲವ್ವಾರ, ನಿಮ್ಮಿಂದ ಒಂದು ಸಹಾಯ ಆಗಬೇಕ್ರಿ," ಎಂದರು. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. ಅಷ್ಟು ಓದಿದವರು ತನ್ನಿಂದ ಸಹಾಯ ಕೇಳಿದ್ದು ಅವಳಿಗೆ ಅದೇ ಮೊದಲಿರಬೇಕು.

ಟೀಚರ್ ಪಟ್ಟಿಯನ್ನು ಓದಿ ಬಿಡಿಸಿ ಹೇಳಿದರು. ಇಬ್ರಿಯರ, ಅಂದರೆ ಆ ಕಥೆಯ ಜನರ, ಕಾಳಿನ ಅಳತೆಯಲ್ಲಿ ಸಣ್ಣದು ಕಾಬ್. ಅದಕ್ಕಿಂತ ದೊಡ್ಡದು ಓಮರ್. ಹತ್ತು ಓಮರಿಗೆ ಒಂದು ಏಫಾ. ಹತ್ತು ಏಫಾಕ್ಕೆ ಒಂದು ಹೋಮರ್, ಅಂದರೆ ಒಂದು ಕತ್ತೆ ಹೊರುವಷ್ಟು ಹೇರು. ಇನ್ನು ಬ್ರಿಟಿಷರದು: ಎಂಟು ಪೈಂಟಿಗೆ ಒಂದು ಗ್ಯಾಲನ್, ಎರಡು ಗ್ಯಾಲನ್ನಿಗೆ ಒಂದು ಪೆಕ್, ನಾಲ್ಕು ಪೆಕ್ಕಿಗೆ ಒಂದು ಬುಶೆಲ್. ನನ್ನ ಕೈಗೆ ಪೆನ್ಸಿಲು ಕೊಟ್ಟು, "ಮೂರು ಪೆಕ್ ಮೂರು ಪೈಂಟ್, ಬರೀ ಪೈಂಟಿನಾಗ ಎಷ್ಟು ಆತು ಹೇಳು," ಎಂದರು. ಪೆಕ್ಕಿಗೆ ಹದಿನಾರು, ಹದಿನಾರು ಮೂರಲೆ ನಲವತ್ತೆಂಟು, ಮೂರು ಸೇರಿಸಿದರೆ ಐವತ್ತೊಂದು. ಖಾಲಿ ಕಾಗದದ ಚೀಲದ ಮೇಲೆ ಬರೆದು ತೋರಿಸಿದೆ. "ಈಗ ನಿಮ್ಮ ಸೇರಿಗೆ ಇದು ಎಷ್ಟು ನೋಡ್ರಿ," ಎಂದು ಅವರು ತಾಮ್ರದ ಚೊಂಬನ್ನು ಅತ್ತೆಗೆ ಕೊಟ್ಟರು. ಅಂಗಡಿಯಲ್ಲಿ ಅಷ್ಟು ಜವೆಗೋಧಿ ಇರಲಿಲ್ಲ. "ಅಳತಿಗೆ ಏನ್ರಿ ಅಕ್ಕೋರ, ಜ್ವಾಳಾ ಆದ್ರೂ ಒಂದ, ಜವಿಗೋದಿ ಆದ್ರೂ ಒಂದ," ಎಂದು ಅತ್ತೆ ಚೊಂಬಿನ ತುಂಬ ಜೋಳ ಹಾಕಿ, ಬೆರಳಿನಿಂದ ಬಾಯಿ ಸವರಿ, ಸೇರಿಗೆ ಸುರಿದಳು. ಎರಡನೆಯದನ್ನು ಸುರಿದಾಗ ಸೇರು ಸರಿಯಾಗಿ ಅಂಚಿಗೆ ಬಂದು ನಿಂತಿತು. ಮೇಲೆ ನಾಲ್ಕು ಕಾಳು ಉರುಳಿದವು, ಅಷ್ಟೇ. ಎಲ್ಲೋ ಆಫ್ರಿಕಾದ ಬಂದರಿನ ಚೊಂಬು, ಧಾರವಾಡದ ಸೇರು, ಎರಡೂ ಹೀಗೆ ಹೊಂದಿಕೊಂಡದ್ದು ನೋಡಿ ಟೀಚರ್ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ಒಂದು ಏಫಾ ಅಂದರೆ ಇಪ್ಪತ್ತೈದೂವರೆ ಸೇರು.

ಹುರುಪು ಬಂದ ನಾನು ಉಳಿದದ್ದನ್ನೂ ಲೆಕ್ಕ ಹಾಕತೊಡಗಿದೆ. ಓಮರ್ ಐದು ಪೈಂಟು ಚಿಲ್ಲರೆ, ಅಂದರೆ ಎರಡೂವರೆ ಸೇರು. ಒಬ್ಬ ಮನುಷ್ಯನ ಒಂದು ದಿನದ ಪಾಲು ಅದು ಎಂದರು ಟೀಚರ್. ಅತ್ತೆ ಬಿದ್ದು ಬಿದ್ದು ನಕ್ಕಳು. "ಒಬ್ಬಾಂವ ದಿನಕ್ಕ ಎರಡೂವರಿ ಸೇರ ತಿಂತಾನ? ಅದೇನ ಹೊಟ್ಟಿನೋ ಹಗೇವನೋ?" ಎಂದಳು. ಹಗೇವು ಎಂದರೆ ನಮ್ಮ ಕಡೆ ನೆಲದಲ್ಲಿ ತೋಡಿದ ಕಾಳಿನ ಕಣಜ. ಟೀಚರೂ ಕಣ್ಣೀರು ಬರುವಂತೆ ನಕ್ಕರು. ಆಮೇಲೆ ನನಗೊಂದು ತೊಡಕು ಕಾಣಿಸಿತು. ಏಫಾ ಐವತ್ತೊಂದು ಪೈಂಟ್ ಆದರೆ ಹತ್ತು ಏಫಾದ ಹೋಮರ್ ಐನೂರ ಹತ್ತು ಆಗಬೇಕು. ಪಟ್ಟಿಯಲ್ಲಿ ಮೂವತ್ತೆರಡು ಪೆಕ್ ಒಂದು ಪೈಂಟ್ ಎಂದಿತ್ತು. ಅದು ಐನೂರ ಹದಿಮೂರು. "ಟೀಚರ್, ಪುಸ್ತಕ ತಪ್ಪೈತಿ," ಎಂದೆ, ಹೆದರಿಕೊಂಡೇ. ಅವರು ಎರಡು ಸಲ ತಾವೇ ಗುಣಿಸಿ ನೋಡಿದರು. ಆಮೇಲೆ ಹೇಳಿದರು: ಬರೆದವರು ಪ್ರತಿ ಏಫಾದ ಕೊನೆಯ ಚೂರನ್ನು, ಪೈಂಟಿನ ಮೂರನೆಯ ಒಂದು ಭಾಗಕ್ಕೂ ಕಡಿಮೆಯಾದದ್ದನ್ನು, ಸಣ್ಣದೆಂದು ಬಿಟ್ಟುಬಿಟ್ಟಿದ್ದಾರೆ. ಹತ್ತು ಸಲ ಬಿಟ್ಟದ್ದು ಸೇರಿ ಹೋಮರಿನ ಹೊತ್ತಿಗೆ ಮೂರು ಪೈಂಟ್ ಆಗಿದೆ. ಇಷ್ಟು ವರ್ಷ ಈ ಪುಸ್ತಕ ತಮ್ಮಲ್ಲಿದ್ದರೂ ತಾವು ನೋಡಿರಲಿಲ್ಲ ಎಂದು ಪಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದು, 'ಈಕೆ ಕಂಡುಹಿಡಿದದ್ದು' ಎಂದು ಸೇರಿಸಿದರು. ಆಮೇಲೆ ಜೀವನದಲ್ಲಿ ನನಗೆ ಸಿಕ್ಕ ಯಾವ ಪ್ರಮಾಣಪತ್ರವೂ ಅದರ ಸಮಕ್ಕೆ ಬರಲಿಲ್ಲ. ಇವತ್ತಿಗೂ ಲೆಕ್ಕ ಕಲಿಸಿಯೇ ಹೊಟ್ಟೆ ಹೊರೆಯುತ್ತಿದ್ದೇನೆ.

ಎರಡು ದಿನ ಬಿಟ್ಟು ಟೀಚರ್ ಮತ್ತೆ ಬಂದರು, ಮುಖ ಬಾಡಿತ್ತು. ಅವರ ಬಳಿಯಿದ್ದ ಇನ್ನೊಂದು, ಹೊಸ ಕಾಲದ ಪುಸ್ತಕದಲ್ಲಿ ಏಫಾ ಎಂದರೆ ಬುಶೆಲಿನ ಐದರಲ್ಲಿ ಮೂರು ಪಾಲು ಎಂದಿತ್ತಂತೆ. ಬುಶೆಲಿಗೆ ಅರವತ್ತನಾಲ್ಕು ಪೈಂಟ್. ಐದರಲ್ಲಿ ಮೂರು ಪಾಲೆಂದರೆ ಮೂವತ್ತೆಂಟು ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ಸೇರು. ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಆರು ಸೇರಿಗೂ ಹೆಚ್ಚು ಅಂತರ. "ನೆಲ ಅಗದು ಹಳೀ ಮಡಿಕಿ ಚೂರು ಸಿಕ್ಕಾಗೊಮ್ಮೆ ಪಂಡಿತರ ಲೆಕ್ಕ ಬದಲಾಗತದ," ಎಂದರು ಬೇಸರದಿಂದ. "ಶಾಂತವ್ವಗ ಯಾವುದು ಹೇಳಲಿ? ಆಕಿ ಕೇಳಿದ್ದು ಹೊಟ್ಟಿ ಪ್ರಶ್ನೆ. ಅಂದಾಜು ಹೇಳಲಿಕ್ಕೆ ನನಗ ಮನಸ್ಸಿಲ್ಲ."

ಅತ್ತೆ ಆಗ ಕಾಳು ಕೇರುತ್ತಿದ್ದಳು. ಮೊರ ಕೆಳಗಿಟ್ಟು, ನಿಧಾನವಾಗಿ ಕೇಳಿದಳು: "ಅಕ್ಕೋರ, ಆಕಿ ತೆನಿ ಅಳದಳೋ, ಬಡದು ಕಾಳ ಮಾಡಿ ಅಳದಳೋ?"

ಟೀಚರ್ ಪುಸ್ತಕ ತೆರೆದು ನೋಡಿದರು. ಬಡಿದಾದ ಮೇಲೆಯೇ ಒಂದು ಏಫಾ ಆಯಿತು ಎಂದಿತ್ತು.

"ಒಂದ ದಿನದಾಗ?"

"ಒಂದೇ ದಿನ. ಮುಂಜಾನಿಂದ ಸಂಜಿಮಟ."

"ಹಂಗಾರ ಹತ್ತೊಂಬತ್ತ ಸೇರರ ಆಗಲಿ, ಇಪ್ಪತ್ತೈದರ ಆಗಲಿ, ಎರಡೂ ಆಗೂದಿಲ್ರಿ," ಎಂದಳು ಅತ್ತೆ. "ಬಿದ್ದ ತೆನಿ ಆರಿಸಿ ಅಷ್ಟ ಆಗೂದಿಲ್ಲ. ಬೆಳಗಾದಾಗಿಂದ ಬೆನ್ನ ಎತ್ತದ ಆರಿಸಿದ್ರ ಮೂರ ಸೇರು, ನಾಕ ಸೇರು. ಐದ ಆತಂದ್ರ ಅವತ್ತ ದೇವರು ಕಣ್ಣ ತೆರದಾನ ಅನಬೇಕು. ಯಾರೋ ಬೇಕಂತನ ತೆನಿ ಬಿಟ್ಟಾರ್ರಿ ಆಕಿ ಸಲುವಾಗಿ. ಕೊಯ್ಯಾವರಿಗೆ ಹೇಳಿ ಬಿಡಿಸ್ಯಾರ."

ಕಥೆಯಲ್ಲಿ ಇದ್ದದ್ದೂ ಅದೇ. ಹೊಲದ ಯಜಮಾನ ಅವಳ ಪಾಡು ತಿಳಿದು, ಕೊಯ್ಯುವವರನ್ನು ಕರೆದು, ಕಟ್ಟಿನಿಂದ ಒಂದಿಷ್ಟು ತೆನೆ ಬೇಕೆಂದೇ ಉದುರಿಸಿ, ಅವಳನ್ನು ಗದರಿಸಬೇಡಿ ಎಂದು ಹೇಳಿರುತ್ತಾನೆ. ಆ ಭಾಗವನ್ನು ಟೀಚರ್ ಹೆಂಗಸರಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಓದು ಬಾರದ ಅತ್ತೆ ಬರೀ ಸೇರಿನ ಲೆಕ್ಕದಿಂದ ಅದನ್ನು ಹೊರಗೆಳೆದಿದ್ದಳು. "ಇದು ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದಾಗ ಟೀಚರ ದನಿ ಬಹಳ ಸಣ್ಣದಾಗಿತ್ತು.

"ನಾನೂ ಹಕ್ಕಲಾ ಆರಿಸೇನ್ರಿ. ಎರಡ ಸುಗ್ಗಿ," ಎಂದಳು ಅತ್ತೆ. ಹಕ್ಕಲು ಎಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ. ಅತ್ತೆ ಅದನ್ನು ನಿನ್ನೆ ಸಂತೆಗೆ ಹೋಗಿದ್ದೆ ಎಂಬಷ್ಟು ಸಹಜವಾಗಿ ಹೇಳಿದಳು. ನಾನು ತಲೆಯೆತ್ತಿದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದ, ಖಾಲಿ ಚೀಲ ಒಯ್ಯಲು ಬಂದವನು. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಟೀಚರ್ ಹೋದ ಮೇಲೆ ಅಪ್ಪ ಅಂಗಡಿಯ ಅರ್ಧ ಬಾಗಿಲು ಎಳೆದು ಒಳಗೆ ಬಂದ. ಅವನು ಅಕ್ಕನ ಎದುರು ದನಿಯೆತ್ತಿದ್ದನ್ನು ನಾನು ಅವತ್ತೊಂದೇ ದಿನ ಕಂಡದ್ದು. "ಇದೇನ ಮಾತ ಅಕ್ಕಾ, ಮಂದಿ ಮುಂದ? ನಾವು ಅಂಗಡಿಕಾರರು. ನಮ್ಮ ಮನಿ ಹೆಣ್ಣಮಗಳು ಮಂದಿ ಹೊಲದಾಗ ಹಕ್ಕಲಾ ಆರಿಸಿದ್ಲು ಅಂದ್ರ ನಾಳೆ ನಮಗ ಯಾರ ಮರ್ಯಾದಿ ಕೊಡತಾರ? ಇಲ್ಲದ್ದ ಯಾಕ ಹುಟ್ಟಿಸಿ ಹೇಳತಿ?"

"ಹುಟ್ಟಿಸಿ ಹೇಳಿಲ್ಲ," ಎಂದಳು ಅತ್ತೆ. "ಅಪ್ಪನ ಅಂಗಡಿ ಸುಟ್ಟು, ಅಪ್ಪನೂ ಹ್ವಾದ ಮ್ಯಾಲೆ ಎರಡ ವರ್ಷ ನೀ ರೊಟ್ಟಿ ತಿಂದಿಯಲ್ಲ, ಆ ಜ್ವಾಳ ಎಲ್ಲಿಂದ ಬಂದಿತ್ತು ಅಂತ ತಿಳದಿದ್ದಿ?"

"ಸೋದರಮಾವ ಕಳಸ್ತಿದ್ದ ಅಂತ ಅವ್ವ ಹೇಳತಿದ್ಲು."

"ಹೌದು. ಅವ್ವ ಹೇಳತಿದ್ಲು."

ಇಷ್ಟೇ ಮಾತು. ಅಪ್ಪ ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಅಂಗಡಿ ಸುಟ್ಟಾಗ ಅವನಿಗೆ ಆರು ವರ್ಷವಂತೆ. ಅಕ್ಕ ಬೆಳಗ್ಗೆ ಮನೆಯಲ್ಲಿ ಇಲ್ಲದಿರುವುದು, ಸಂಜೆ ಕೈಯೆಲ್ಲ ಗೀರಿಕೊಂಡು ಬರುವುದು ಅವನಿಗೆ ನೆನಪಿತ್ತೋ ಏನೋ. ಅತ್ತೆ ಮೊರ ಎತ್ತಿಕೊಂಡಳು. ಅವಳು ಅಳುತ್ತಿರಲಿಲ್ಲ. ಅಪ್ಪ ಹೊರಗೆ ಹೋಗಿ ಬಾಗಿಲು ಪೂರ್ತಿ ತೆರೆದು, ತಕ್ಕಡಿಯ ಮುಂದೆ ಕುಳಿತು, ಬಂದ ಗಿರಾಕಿಗೆ ಅಕ್ಕಿಯ ಬದಲು ಗೋಧಿ ತೂಗಿದ.

ಮುಂದಿನ ಎರಡು ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ನನ್ನ ಅವ್ವ ಊಟಕ್ಕೆ ಬಡಿಸಿದರೆ ಅಪ್ಪ ರೊಟ್ಟಿ ಮುರಿದು ಅದನ್ನೇ ನೋಡುತ್ತ ಕೂರುತ್ತಿದ್ದ. ಶನಿವಾರ ಟೀಚರ್ ಒಂದು ಚೀಟಿ ಕಳಿಸಿದರು: ನಾಳೆ ಹೆಂಗಸರ ಮುಂದೆ ಅಳೆದು ತೋರಿಸಲು ನೀಲವ್ವನವರು ಬರಬಹುದೇ, ಬಾರದಿದ್ದರೂ ತಪ್ಪು ತಿಳಿಯುವುದಿಲ್ಲ. ನಾನು ಅದನ್ನು ಅಪ್ಪನ ಎದುರೇ ಓದಿಬಿಟ್ಟೆ. ಅತ್ತೆ ತಮ್ಮನ ಕಡೆ ನೋಡಲಿಲ್ಲ. "ಹೋಗತೇನಿ ಅಂತ ಹೇಳಿ ಬಾ," ಎಂದಳು.

ಭಾನುವಾರ ಊಟ ಮುಗಿಸಿ ಅತ್ತೆ ಸೀರೆ ಬದಲಿಸಿಕೊಂಡು ಸೇರು ಎತ್ತಿಕೊಂಡಳು. ಜೋಳದ ಚೀಲ ಹೇಗೆ ಒಯ್ಯುವುದೆಂದು ನಾವು ನೋಡುತ್ತಿದ್ದೆವು. ಅಪ್ಪ ಬಂದು, ಅಂಗಿಯ ತೋಳು ಮಡಚಿ, ಒಂದೇ ಏಟಿಗೆ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಹಮಾಲರಿಗೆ ಹೇಳಬಹುದಿತ್ತು, ಹೇಳಲಿಲ್ಲ. ಓಣಿಯ ಉದ್ದಕ್ಕೂ, ಪರಿಚಯದ ಅಂಗಡಿಕಾರರೆಲ್ಲ ನೋಡುತ್ತಿರುವಂತೆ, ಮುಂದೆ ಅತ್ತೆ, ಹಿಂದೆ ಹೊರೆ ಹೊತ್ತ ಅಪ್ಪ, ಅವನ ಹಿಂದೆ ನಾನು ನಡೆದೆವು. ಯಾರೋ "ಏನ್ ಸಾವಕಾರ್ರ, ಇವತ್ತ ನೀವ ಹೊತ್ತೀರಿ?" ಎಂದು ನಗೆಯಾಡಿದರು. "ನಮ್ಮ ಅಕ್ಕಂದ ಕೆಲಸ ಐತಿ," ಎಂದ ಅಪ್ಪ.

ಜಗಲಿಯಲ್ಲಿ ಚಾಪೆ ಹಾಸಿತ್ತು. ಹೆಂಗಸರು ಸುತ್ತ ಕುಳಿತಿದ್ದರು. ಅತ್ತೆ ನಡುವೆ ಕುಳಿತು 'ಲಾಭ' ಎಂದು ಸುರುಮಾಡಿದಳು. ಹತ್ತೊಂಬತ್ತಕ್ಕೆ ನಿಲ್ಲಿಸಿ, ಟೀಚರ ಕಡೆ ನೋಡಿದಳು. "ಒಂದು ಪುಸ್ತಕ ಇಲ್ಲಿಗೆ ನಿಲ್ಲತದ," ಎಂದರು ಟೀಚರ್. ಅತ್ತೆ ಪಕ್ಕದಲ್ಲಿ ಮತ್ತೆ ಆರೂವರೆ ಅಳೆದು ಹಾಕಿದಳು. "ಇನ್ನೊಂದು ಇಲ್ಲಿಗೆ. ಯಾವುದು ಖರೇ ಅಂತ ನನಗ ಗೊತ್ತಿಲ್ಲ. ಯಾರಿಗೂ ಪೂರ್ತಿ ಗೊತ್ತಿಲ್ಲ," ಎಂದರು. ಚಾಪೆಯ ಮೇಲೆ ದೊಡ್ಡದೊಂದು, ಸಣ್ಣದೊಂದು ಜೋಳದ ರಾಶಿ. ಹೆಂಗಸರು ಬಗ್ಗಿ ರಾಶಿಗಳನ್ನು ನೋಡಿದರು. ದಿನದ ದುಡಿತ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಸುಳ್ಳ್ರೀ," ಎಂದಳು ಶಾಂತವ್ವ. "ಒಬ್ಬ ಹೆಂಗಸು, ಒಂದ ದಿನದಾಗ? ಹಕ್ಕಲದಾಗ?"

ಅತ್ತೆಯ ಮುಖ ಅರಳಿತು. ತನ್ನ ಪ್ರಶ್ನೆಯನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದ ಸಂತೋಷ ಅದು. ಯಜಮಾನ ತೆನೆ ಬಿಡಿಸಿದ್ದನ್ನು ಅವಳೇ ಹೇಳಿದಳು, ತಾನು ಎರಡು ಸುಗ್ಗಿ ಹಕ್ಕಲು ಆರಿಸಿದ್ದನ್ನೂ ಹೇಳಿದಳು. ಅಪ್ಪ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಎದ್ದು ಹೋಗಲಿಲ್ಲ. ಶಾಂತವ್ವ ಕೇಳಿದಳು: "ಹಂಗ ಬಿಟ್ಟಾರ ಅಂತ ಆಕಿಗೆ ಗೊತ್ತಿತ್ತೇನ್ರಿ?"

"ಪುಸ್ತಕದಾಗ ಹೇಳಿಲ್ಲ," ಎಂದರು ಟೀಚರ್.

"ಗೊತ್ತಿರತೈತಿ," ಎಂದಳು ಅತ್ತೆ. "ಬಿದ್ದ ತೆನಿ ಯಾವುದು, ಬಿಟ್ಟ ತೆನಿ ಯಾವುದು, ಆರಿಸೋ ಕೈಗೆ ಗೊತ್ತಾಗತೈತಿ. ಬಿದ್ದದ್ದು ಮುರದಿರತೈತಿ, ಮಣ್ಣ ಹತ್ತಿರತೈತಿ. ಬಿಟ್ಟದ್ದು ಹಸನ ಇರತೈತಿ, ಕೈಗೆ ಸಿಗೂಹಂಗ ಇಟ್ಟಿರತಾರ. ನನಗೂ ಒಬ್ಬ ಮುದುಕ ಬಿಡತಿದ್ದ, ಕುಡಗೋಲ ಹಿಡದು ಮುಂದ ಮುಂದ ಹೋಗತಿದ್ದ. ಹೊಲ ಅವಂದಲ್ಲ, ಅವನೂ ಕೂಲಿಯಾಂವನ. ಒಂದ ದಿನಾನೂ ಹೊಳ್ಳಿ ನೋಡಲಿಲ್ಲ. ನಾನೂ ಹೆಸರ ಕೇಳಲಿಲ್ಲ."

ಅಪ್ಪ ಸೊಂಟದ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಎದ್ದು ಬಂದು, ಆ ಜೋಳವನ್ನೆಲ್ಲ ಹೆಂಗಸರು ಹಂಚಿಕೊಂಡು ಒಯ್ಯಲಿ ಎಂದು ಅತ್ತೆಯ ಕಿವಿಯಲ್ಲಿ ಹೇಳಿದ. ಅತ್ತೆ ಒಂದೊಂದು ಸೆರಗಿಗೂ ಎರಡೆರಡು ಸೇರು ಹಾಕಿದಳು, ಸವರದೆ, ರಾಶಿ ನಿಲ್ಲುವಂತೆ.

ಆ ದಿನದಿಂದ ಭಾನುವಾರ ಮಧ್ಯಾಹ್ನ ಅತ್ತೆ ಜಗಲಿಗೆ ಹೋಗುವುದು ರೂಢಿಯಾಯಿತು. ಅಕ್ಷರ ಕಲಿಯಲಿಲ್ಲ, ಎಷ್ಟು ಹೇಳಿದರೂ ಬಳಪ ಹಿಡಿಯಲು ಒಪ್ಪಲಿಲ್ಲ. ಕಥೆ ಕೇಳಲು ಹೋಗುತ್ತಿದ್ದಳು, ಕಥೆಯಲ್ಲಿ ಕಾಳು ಬಂದರೆ ತಪ್ಪು ತಿದ್ದಲು ಹೋಗುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಇಬ್ಬರೂ ಜಗಲಿಯ ತುದಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಟೀಚರ್ ಆಫ್ರಿಕಾದ ಉಗ್ರಾಣದಲ್ಲಿ ತಮ್ಮ ಅಪ್ಪ ಹಡಗಿನಿಂದ ಬಂದ ಮೆಕ್ಕೆಜೋಳ ಅಳೆಸುತ್ತಿದ್ದುದನ್ನು ಹೇಳುತ್ತಿದ್ದರು. ಅತ್ತೆ ಅದಕ್ಕೆ ಸರಿಯಾಗಿ ಧಾರವಾಡದ ಸಂತೆಯದೊಂದು ಹೇಳುತ್ತಿದ್ದಳು. ಒಬ್ಬರು ಫ್ರಾಕು, ಒಬ್ಬರು ಇಳಕಲ್ ಸೀರೆ. ದೂರದಿಂದ ನೋಡಿದರೆ ಅಕ್ಕತಂಗಿಯರಂತೆ ಕಾಣುತ್ತಿರಲಿಲ್ಲ, ಆದರೆ ಒಂದೇ ಕಸುಬಿನವರಂತೆ ಕಾಣುತ್ತಿದ್ದರು. ಅಪ್ಪನೂ ಬದಲಾದ. ಮೋತಿ ಡೊಂಗರಿನ ಹೆಂಗಸರು ಬಂದರೆ ಅವರನ್ನು ಹೊರಗೆ ನಿಲ್ಲಿಸದೆ ಒಳಗೆ ಕರೆದು ಕೂರಿಸುತ್ತಿದ್ದ. ಅತ್ತೆಯ ತಟ್ಟೆಗೆ ರೊಟ್ಟಿ ಬೀಳುವವರೆಗೆ ತಾನು ಮುರಿಯುತ್ತಿರಲಿಲ್ಲ.

ಈಗ ಆ ಹೆಂಚಿನ ಮನೆಯ ಜಾಗದಲ್ಲಿ ನಾಲ್ಕು ಮಹಡಿಯ ಫ್ಲ್ಯಾಟುಗಳಿವೆ. ನಮ್ಮ ಅಂಗಡಿಯಲ್ಲಿ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಹಿತ್ತಿಲ ಬಾವಿಗೆ ಸಿಮೆಂಟಿನ ಹಲಗೆ ಮುಚ್ಚಿ ಮೇಲೆ ಸ್ಕೂಟರು ನಿಲ್ಲಿಸುತ್ತಾರೆ. ಅಪ್ಪ ಇಲ್ಲ, ಅವ್ವ ಇಲ್ಲ. ಶಾಂತವ್ವನ ಕುಟುಂಬ ಗುಡ್ಡ ಬಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ನನ್ನ ಹೆಸರಿದ್ದ ಆ ಪುಸ್ತಕ ಟೀಚರ ದೂರದ ಸಂಬಂಧಿಕರ ಪಾಲಿಗೆ ಹೋಯಿತು. ಅದರ ಹಿಂದಿನ ಪುಟವನ್ನು ಅವರು ಎಂದಾದರೂ ತೆರೆದರೋ ಇಲ್ಲವೋ. ಪಾಠ ಹೇಳುವಾಗ ಮಕ್ಕಳು ಲೀಟರಿನಿಂದ ಮಿಲಿಲೀಟರಿಗೆ ಚುಕ್ಕೆ ಸರಿಸಿ ಕ್ಷಣದಲ್ಲಿ ಉತ್ತರ ಹೇಳುತ್ತಾರೆ. ಜಾಣ ಮಕ್ಕಳು. ಉತ್ತರ ಬಂದ ಮೇಲೆ, ಇದು ಒಬ್ಬರ ಕೈಯಿಂದ ಆಗುವಂಥದ್ದೇ ಎಂದು ಕೇಳುವವರು ಮಾತ್ರ ಅವರಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ.

ಟೀಚರ್ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಅತ್ತೆಗೆ ಎಪ್ಪತ್ತು ದಾಟಿತ್ತು, ಮೊಣಕಾಲು ನೋವು. ಆದರೂ ಹೋಗಲೇಬೇಕೆಂದು ಹಟ ಹಿಡಿದಳು. ಇಗರ್ಜಿಯ ಕೊನೆಯ ಬೆಂಚಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಪ್ರಾರ್ಥನೆ ಮುಗಿಯುವವರೆಗೆ ಅಲುಗಾಡದೆ ಕುಳಿತಳು. ಹೂಳುವ ಜಾಗದಲ್ಲಿ ಎಲ್ಲರ ಹಾಗೆ ಒಂದು ಹಿಡಿ ಮಣ್ಣು ಹಾಕಿದಳು. ಸಂಬಂಧಿಕರೊಬ್ಬರು ಬಂದು ನೀವು ಯಾರು ಎಂದು ಕೊಂಕಣಿಯಲ್ಲಿ ಕೇಳಿದಾಗ ನನ್ನ ಮುಖ ನೋಡಿದಳು. ಗೆಳತಿ ಎಂದು ಹೇಳಿದೆ. ಹೊರಗೆ ಬಂದು ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತೆವು. ಬಿಸಿಲು ಇಳಿಯುತ್ತಿತ್ತು. ಅತ್ತೆ ಅಂಗೈಗೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳದೆ ಹಾಗೇ ನೋಡುತ್ತಿದ್ದಳು.

"ನನ್ನ ಸುದ್ದಿ ಗೊತ್ತಾದಾವರೆಲ್ಲಾ 'ಪಾಪ' ಅಂದ್ರು ನೋಡು," ಎಂದಳು. "ನಿಮ್ಮಪ್ಪನೂ ಬಾಯಿಲೆ ಅನಲಿಲ್ಲ ಖರೇ, ಕಣ್ಣಿಲೆ ಅಂದ. ಟೀಚರ್ ಒಬ್ಬಾಕಿ ಒಂದ ದಿನಾನೂ ಅನಲಿಲ್ಲ."

ಮನೆಯ ಕಡೆ ಹೋಗುವ ಫಾತೋರ್ಡಾ ಬಸ್ಸು ಬಂತು. ನಾನು ಕೈ ಕೊಟ್ಟೆ. ಅತ್ತೆ ಎದ್ದು ನಿಂತು, ಹಿಂದಿರುಗಿ ಒಮ್ಮೆ ಇಗರ್ಜಿಯ ಕಡೆ ನೋಡಿ, ಬಸ್ಸು ಹತ್ತಿದಳು.